ಮರ ಅದೇ, ಕುಲ ಬೇರೆ: ವೈಜ್ಞಾನಿಕ ಹೆಸರುಗಳು ಬದಲಾಗುವುದೇಕೆ?

ಮುಂಬಯಿಯ ಉದ್ಯಾನಗಳಲ್ಲಿ, ಕಾಲೇಜುಗಳ ಆವರಣದಲ್ಲಿ, ದೊಡ್ಡ ಹೌಸಿಂಗ್ ಸೊಸೈಟಿಗಳಲ್ಲಿ ಮರಗಳಿಗೆ ಹೆಸರಿನ ಫಲಕ ಹಾಕುವ ರೂಢಿಯಿದೆ. ಮೇಲೆ ಮರಾಠಿ ಹೆಸರು, ಅದರ ಕೆಳಗೆ ಇಂಗ್ಲಿಷ್ ಹೆಸರು, ಕೊನೆಯಲ್ಲಿ ಓರೆ ಅಕ್ಷರಗಳಲ್ಲಿ ವೈಜ್ಞಾನಿಕ ಹೆಸರು. ಮೊದಲ ಎರಡರ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ. ಎಲ್ಲ ದೇಶಗಳಲ್ಲೂ ಒಂದೇ ಆಗಿರಲಿ ಎಂದು ರೂಪಿಸಿದ ಮೂರನೆಯ ಹೆಸರೇ ಫಲಕದಿಂದ ಫಲಕಕ್ಕೆ ಬದಲಾಗುತ್ತದೆ. ಈ ನಗರದ ಎಷ್ಟೋ ರಸ್ತೆಗಳಿಗೆ ನೆರಳು ಕೊಡುವ ಮಳೆಮರ ಒಂದೆಡೆ ಅಲ್ಬೀಜಿಯಾ ಸಮಾನ್, ಇನ್ನೊಂದೆಡೆ ಸಮಾನಿಯಾ ಸಮಾನ್. ಹಳೆಯ ಪುಸ್ತಕ ತೆರೆದರೆ ಪಿಥೆಸೆಲೋಬಿಯಂ ಸಮಾನ್. ಸಸ್ಯಶಾಸ್ತ್ರಜ್ಞ ಜಾಕ್ವಿನ್ 1800ರಲ್ಲಿ ಈ ಮರವನ್ನು ಮೊದಲು ವರ್ಣಿಸಿದಾಗ ಅದು ಮೈಮೋಸಾ ಸಮಾನ್ ಆಗಿತ್ತು. ಬೆಂಥಮ್ 1844ರಲ್ಲಿ ಅದನ್ನು ಪಿಥೆಸೆಲೋಬಿಯಂಗೆ, ಮ್ಯುಲರ್ 1876ರಲ್ಲಿ ಅಲ್ಬೀಜಿಯಾಕ್ಕೆ, ಮೆರಿಲ್ 1916ರಲ್ಲಿ ಸಮಾನಿಯಾಕ್ಕೆ ಸೇರಿಸಿದರು. ನಡುವೆ ಬಹುಕಾಲ ಅಲ್ಬೀಜಿಯಾ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿತ್ತು. ಈಗ ಹೆಚ್ಚಿನ ಪಟ್ಟಿಗಳು ಮತ್ತೆ ಸಮಾನಿಯಾಕ್ಕೆ ಮರಳಿವೆ.

ಇಷ್ಟೆಲ್ಲ ಓಡಾಟದಲ್ಲಿ 'ಸಮಾನ್' ಎಂಬ ಎರಡನೆಯ ಪದ ಕದಲಿಲ್ಲ ಎಂಬುದನ್ನು ಗಮನಿಸಬೇಕು. ಬದಲಾದದ್ದು ಮೊದಲ ಪದ, ಅಂದರೆ ಕುಲದ (ಜೀನಸ್) ಹೆಸರು. ನೇರಳೆ ಮರದ ಕಥೆಯೂ ಹೀಗೆಯೇ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅದನ್ನು ಮಿರ್ಟಸ್ ಕುಲದಲ್ಲಿಟ್ಟು ಮಿರ್ಟಸ್ ಕ್ಯೂಮಿನಿ ಎಂದ. ಲಾಮಾರ್ಕ್ 1789ರಲ್ಲಿ ಯೂಜೀನಿಯಾ ಜಾಂಬೋಲಾನಾ ಎಂದು ವರ್ಣಿಸಿದ. 1912ರಲ್ಲಿ ಸ್ಕೀಲ್ಸ್ ಲಿನೇಯಸನ ಹಳೆಯ ಪದವನ್ನೇ ಎತ್ತಿಕೊಂಡು ಸಿಜಿಜಿಯಂ ಕ್ಯೂಮಿನಿ ಎಂದು ಬರೆದ. ಹೋಮಿಯೋಪಥಿ ಅಂಗಡಿಯ ಬಾಟಲಿಯ ಮೇಲೆ ಇಂದಿಗೂ ಸಿಜಿಜಿಯಂ ಜಾಂಬೋಲಾನಂ ಎಂದೇ ಇರುತ್ತದೆ, ಆಯುರ್ವೇದದ ಹಳೆಯ ಗ್ರಂಥಸೂಚಿಗಳಲ್ಲಿ ಯೂಜೀನಿಯಾ ಸಿಗುತ್ತದೆ. ಮರ ಒಂದೇ, ಹಣ್ಣು ಒಂದೇ, ನಾಲಿಗೆಗೆ ಹತ್ತುವ ನೇರಳೆ ಬಣ್ಣವೂ ಒಂದೇ. ಹೀಗಿರುವಾಗ ವಿಜ್ಞಾನಿಗಳಿಗೆ ಒಂದು ಹೆಸರಿನಲ್ಲಿ ನಿಲ್ಲಲಾಗದೆ ಎಂದು ಜನ ಕೇಳಿದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಕುಲ ಎಂಬ ಮೆಟ್ಟಿಲು ಯಾವ ಬಗೆಯದು ಎಂಬುದು ಸ್ಪಷ್ಟವಾಗದೆ ಅದಕ್ಕೆ ಉತ್ತರ ಕೊಡಲಾಗದು.

ಪ್ರಭೇದಗಳನ್ನು ಗುಂಪು ಮಾಡುವ ಮೊದಲ ಮೆಟ್ಟಿಲು ಕುಲ. ಅದರ ಮೇಲೆ ಕುಟುಂಬ, ಗಣ, ವರ್ಗಗಳು ಬರುತ್ತವೆ. ಚಿರತೆ, ಹುಲಿ, ಸಿಂಹ ಮೂರು ಬೇರೆ ಬೇರೆ ಪ್ರಭೇದಗಳಾದರೂ ಪ್ಯಾಂಥೆರಾ ಎಂಬ ಒಂದೇ ಕುಲಕ್ಕೆ ಸೇರಿವೆ; ಬೋರಿವಲಿಯ ರಾಷ್ಟ್ರೀಯ ಉದ್ಯಾನದಿಂದ ರಾತ್ರಿ ವೇಳೆ ಕಾಲೊನಿಗಳ ಅಂಚಿಗೆ ಬರುವ ಚಿರತೆ ಪ್ಯಾಂಥೆರಾ ಪಾರ್ಡಸ್. ಇವನ್ನೆಲ್ಲ ಲಿನೇಯಸ್ ಮನೆಯ ಬೆಕ್ಕಿನೊಂದಿಗೆ ಫೆಲಿಸ್ ಕುಲದಲ್ಲೇ ಇಟ್ಟಿದ್ದ. ಕುಲ ಎಂಬ ಕಲ್ಪನೆ ಅವನದ್ದೇನಲ್ಲ. 17ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಟೂರ್ನ್‌ಫೋರ್ ಸಸ್ಯಗಳ ಕುಲಗಳನ್ನು ಹೂ ಮತ್ತು ಹಣ್ಣುಗಳ ಲಕ್ಷಣ ನೋಡಿ ವ್ಯವಸ್ಥಿತವಾಗಿ ವಿಂಗಡಿಸಿದ್ದ. ಲಿನೇಯಸ್ ಮಾಡಿದ್ದು ಆ ಹೆಸರಿನ ಮುಂದೆ ಒಂದೇ ಒಂದು ಪದ ಸೇರಿಸಿ ಪ್ರಭೇದವನ್ನು ಗುರುತಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದು. ಸಸ್ಯಗಳ ಹೆಸರುಗಳಿಗೆ ಅವನ 1753ರ ಗ್ರಂಥವನ್ನೂ ಪ್ರಾಣಿಗಳಿಗೆ 1758ರ ಗ್ರಂಥವನ್ನೂ ಇಂದಿಗೂ ಆರಂಭಬಿಂದುವಾಗಿ ಇಟ್ಟುಕೊಳ್ಳಲಾಗಿದೆ.

ಲಿನೇಯಸನ ದೃಷ್ಟಿಯಲ್ಲಿ ಪ್ರಭೇದದಂತೆ ಕುಲವೂ ನಿಸರ್ಗದ ಕೃತಿ. ವರ್ಗ ಮತ್ತು ಗಣಗಳಲ್ಲಿ ಮಾತ್ರ ಮನುಷ್ಯನ ಕೈಯೂ ಸೇರಿದೆ. ಡಾರ್ವಿನ್ 1859ರಲ್ಲಿ ಜೀವಿಗಳೆಲ್ಲ ಒಂದರಿಂದೊಂದು ಕವಲೊಡೆದು ಬಂದವು ಎಂದು ತೋರಿಸಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಕವಲುಗಳು ನಿಜ. ಆದರೆ ಕವಲಿನ ಯಾವ ಎತ್ತರದಲ್ಲಿ ಗೆರೆ ಎಳೆದು 'ಇಲ್ಲಿಂದ ಮೇಲಿರುವುದೆಲ್ಲ ಒಂದು ಕುಲ' ಎನ್ನಬೇಕು ಎಂಬುದನ್ನು ನಿಸರ್ಗ ಎಲ್ಲಿಯೂ ಬರೆದಿಟ್ಟಿಲ್ಲ. ಇಂದಿನ ವರ್ಗೀಕರಣಕಾರರು ಹಾಕಿಕೊಂಡಿರುವ ಮುಖ್ಯ ಕಟ್ಟಳೆ ಒಂದೇ: ಕುಲವೊಂದರ ಸದಸ್ಯರೆಲ್ಲರೂ ಒಬ್ಬ ಪೂರ್ವಜನಿಂದ ಬಂದಿರಬೇಕು, ಮತ್ತು ಆ ಪೂರ್ವಜನ ಸಂತತಿಯಲ್ಲಿ ಯಾರನ್ನೂ ಹೊರಗೆ ಬಿಟ್ಟಿರಬಾರದು. ಈ ಕಟ್ಟಳೆ ಕೆಲವು ಗುಂಪುಗಳನ್ನು ತಳ್ಳಿಹಾಕುತ್ತದೆ, ಆದರೆ ಉಳಿದವುಗಳಲ್ಲಿ ಯಾವುದನ್ನು ಕುಲ ಎನ್ನಬೇಕೆಂದು ಹೇಳುವುದಿಲ್ಲ. ನನ್ನ ಮಟ್ಟಿಗೆ ಹೆಸರು ಬದಲಾವಣೆಯ ಗೊಂದಲವೆಲ್ಲ ಇಲ್ಲಿಯೇ ಹುಟ್ಟುತ್ತದೆ. ನಿಸರ್ಗವೇ ಬಲವಂತ ಮಾಡಿದ ಬದಲಾವಣೆ, ವಿಜ್ಞಾನಿಯ ಅಭಿರುಚಿಯಿಂದ ಬಂದ ಬದಲಾವಣೆ, ಬರಿಯ ನಿಯಮಾವಳಿಯಿಂದ ಬಂದ ಬದಲಾವಣೆ, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ವಿಜ್ಞಾನ ಹೇಳಿದೆ' ಎಂದು ಪ್ರಕಟಿಸುತ್ತೇವೆ.

ನಿಸರ್ಗವೇ ಉತ್ತರ ಕೊಡುವ ಪ್ರಕರಣಕ್ಕೆ ಗೋವೆಯ ಗದ್ದೆಗಳಿಗೆ ಹೋಗಬೇಕು. ಮೊದಲ ಮಳೆ ಬಿದ್ದೊಡನೆ ಅಲ್ಲಿ ದೊಡ್ಡ ಗೂಳಿಕಪ್ಪೆಗಳು ಹೊರಬರುತ್ತವೆ. ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿಯ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತವೆ. ಕಾಲಿನ ಮಾಂಸಕ್ಕಾಗಿ ಅವನ್ನು ಹಿಡಿಯುವ ಚಟ ಅಲ್ಲಿ ಹಳೆಯದು, ಅದಕ್ಕೆ 'ಜಂಪಿಂಗ್ ಚಿಕನ್' ಎಂಬ ಅಡ್ಡಹೆಸರೂ ಇದೆ. ಈ ಕಪ್ಪೆ ಬಹುಕಾಲ ರಾನಾ ಟೈಗ್ರಿನಾ ಆಗಿತ್ತು. ಆ ದಿನಗಳಲ್ಲಿ ರಾನಾ ಎಂದರೆ ಜಗತ್ತಿನ ನೂರಾರು ಕಪ್ಪೆಗಳನ್ನು ತುಂಬಿಟ್ಟ ಉಗ್ರಾಣ. ಅಸ್ಥಿಗಳ ರಚನೆ, ಗೊದಮೊಟ್ಟೆಗಳ ಬಾಯಿ, ಆಮೇಲೆ ಡಿಎನ್ಎ ಎಲ್ಲವನ್ನೂ ಕೂಡಿಸಿ ನೋಡಿದಾಗ ಭಾರತದ ಗೂಳಿಕಪ್ಪೆಗೂ ಯೂರೋಪಿನ ಅಸಲಿ ರಾನಾ ಕಪ್ಪೆಗೂ ನಡುವೆ ದೂರ ಎಷ್ಟಿದೆಯೆಂದರೆ, ಇಂದು ಅವು ಒಂದೇ ಕುಟುಂಬದಲ್ಲೂ ಇಲ್ಲ. ಫ್ರಾನ್ಸಿನ ದ್ಯುಬ್ವಾ ಮೊದಲಾದವರ ಕೆಲಸದ ನಂತರ ನಮ್ಮದು ಹೋಪ್ಲೋಬ್ಯಾಟ್ರಾಕಸ್ ಟೈಗರಿನಸ್ ಆಯಿತು. ಇದು ಅಭಿರುಚಿಯ ಮಾತಲ್ಲ. ಅದನ್ನು ರಾನಾದಲ್ಲೇ ಇಡಬೇಕೆಂದರೆ ನಡುವೆ ಬರುವ ಬೇರೆ ಬೇರೆ ಕುಟುಂಬಗಳನ್ನೆಲ್ಲ ರಾನಾಕ್ಕೆ ತುಂಬಬೇಕಾಗುತ್ತದೆ.

ಆದರೆ ಹೆಸರು ಬದಲಾದ ಸುದ್ದಿ ಎಲ್ಲರಿಗೂ ಒಟ್ಟಿಗೆ ತಲುಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಿಂದಿನ ನಾಲ್ಕನೇ ಅನುಸೂಚಿಯಲ್ಲಿ ಕಪ್ಪೆಗಳಿಗೆ ರಕ್ಷಣೆ ಕೊಟ್ಟದ್ದು 'ರಾನಾ ಕುಲದ ಪ್ರಭೇದಗಳು' ಎಂಬ ಒಂದೇ ಸಾಲಿನಲ್ಲಿ. ಬರೆದವರ ಮನಸ್ಸಿನಲ್ಲಿದ್ದದ್ದು ಹಳೆಯ, ವಿಶಾಲವಾದ ರಾನಾ. ಆಮೇಲೆ ಭಾರತದ ಕಪ್ಪೆಗಳಲ್ಲಿ ಬಹುಪಾಲು ಬೇರೆ ಬೇರೆ ಕುಲಗಳಿಗೆ ಹಂಚಿಹೋದವು. ಅಕ್ಷರಶಃ ಓದುವ ವಕೀಲನಿಗೆ, ಹಿಡಿದ ಕಪ್ಪೆ ರಾನಾ ಅಲ್ಲವೇ ಅಲ್ಲ ಎಂದು ವಾದಿಸಲು ಜಾಗ ಸಿಕ್ಕಿತು. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1985ರಲ್ಲಿ ಈ ಗೂಳಿಕಪ್ಪೆಯನ್ನು ಎರಡನೇ ಪಟ್ಟಿಗೆ ಸೇರಿಸಿತು, ಭಾರತ 1987ರಲ್ಲಿ ಕಪ್ಪೆ ಕಾಲುಗಳ ರಫ್ತನ್ನು ನಿಲ್ಲಿಸಿತು. ಅಲ್ಲಿ ಪ್ರಭೇದವನ್ನೇ ಹೆಸರಿಸಿದ್ದರಿಂದ ಕುಲ ಬದಲಾದರೂ ಗುರುತು ತಪ್ಪಲಿಲ್ಲ. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ ಇಡೀ ಪಟ್ಟಿಯನ್ನು ಹೊಸದಾಗಿ ಕಟ್ಟಿತು. ಕುಲದ ಹೆಸರಿನ ಮೇಲೆ ಮಾತ್ರ ನಿಂತ ಕಾನೂನು ಎಷ್ಟು ದುರ್ಬಲ ಎಂಬುದಕ್ಕೆ ಆ ಹಳೆಯ ಸಾಲಿಗಿಂತ ಬೇರೆ ಸಾಕ್ಷಿ ಬೇಡ.

ಇದೇ ಬಗೆಯ, ಆದರೆ ಕಣ್ಣಿಗೇ ಕಾಣುವ ಇನ್ನೊಂದು ಪ್ರಕರಣ ಕ್ಯಾಸಿಯಾದ್ದು. ಆಟಿ ತಿಂಗಳಲ್ಲಿ ಮುಂಬಯಿಯ ತುಳು ಮನೆಗಳು ಹುಡುಕಿಕೊಂಡು ಹೋಗುವ ತಜಂಕ್, ಅಂದರೆ ತಗಚೆ ಸೊಪ್ಪು, ಮರಾಠಿಯ ಟಾಕಳಾ, ಮಳೆಗಾಲದ ಮಾರುಕಟ್ಟೆಯಲ್ಲಿ ಕಟ್ಟುಕಟ್ಟಾಗಿ ಬರುತ್ತದೆ. ಅದು ಕ್ಯಾಸಿಯಾ ಟೋರಾ ಎಂದು ಕಲಿತವರು ಈಗ ಸೆನ್ನಾ ಟೋರಾ ಎಂದು ಓದಬೇಕು. 1982ರಲ್ಲಿ ಇರ್ವಿನ್ ಮತ್ತು ಬಾರ್ನೆಬಿ ಹಳೆಯ ದೊಡ್ಡ ಕ್ಯಾಸಿಯಾವನ್ನು ಕ್ಯಾಸಿಯಾ, ಸೆನ್ನಾ, ಕೆಮೀಕ್ರಿಸ್ಟಾ ಎಂದು ಮೂರು ಕುಲಗಳಾಗಿ ಒಡೆದರು. ಏಪ್ರಿಲ್, ಮೇ ತಿಂಗಳಲ್ಲಿ ಅರಳುವ ಕಕ್ಕೆಯ ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿ: ಹಳದಿ ಎಸಳುಗಳ ನಡುವಿನಿಂದ ಮೂರು ಕೇಸರಗಳು ಉದ್ದಕ್ಕೆ ಹೊರಟು, ಕೊಕ್ಕೆಯಂತೆ ಬಾಗಿ ಮೇಲೇಳುತ್ತವೆ. ಇದು ಅಸಲಿ ಕ್ಯಾಸಿಯಾದ ಗುರುತು. ತಗಚೆಯ ಚಿಕ್ಕ ಹೂವಿನಲ್ಲಾಗಲಿ, ದಖ್ಖನಿನ ಬಯಲಿನ ತಂಗಡಿಯ ಹೂವಿನಲ್ಲಾಗಲಿ ಹಾಗೆ ಬಾಗಿದ ಉದ್ದ ಎಳೆಗಳಿಲ್ಲ. ಡಿಎನ್ಎ ಬರುವ ಮುನ್ನವೇ ಮಾಡಿದ ಈ ವಿಂಗಡಣೆಯನ್ನು ಆಮೇಲಿನ ಅಧ್ಯಯನಗಳು ಬೆಂಬಲಿಸಿದವು. ನೋಡಿ ಗುರುತಿಸಬಲ್ಲ ಕುಲವೇ ಒಳ್ಳೆಯ ಕುಲ ಎಂಬ ಹಳೆಯ ಸಸ್ಯಶಾಸ್ತ್ರಜ್ಞರ ಪಟ್ಟು ಪೂರ್ತಿ ಸರಿಯಲ್ಲ, ಆದರೂ ಆ ಪಟ್ಟಿನ ಬಗ್ಗೆ ನನಗೆ ಮೆಚ್ಚುಗೆ ಇದೆ.

ಅಭಿರುಚಿಯ ಪ್ರಶ್ನೆಗೆ ಠಾಣೆಯ ಖಾರಿ, ಅಂದರೆ ಅಲ್ಲಿನ ಕಡಲ ಚಾಚು, ಸಾಕು. ಅಲ್ಲಿಗೆ ಚಳಿಗಾಲದ ಹೊತ್ತಿಗೆ ಎರಡು ಬಗೆಯ ರಾಜಹಂಸಗಳು ಬರುತ್ತವೆ. ಮಹಾರಾಷ್ಟ್ರ ಸರಕಾರ 2015ರಲ್ಲಿ ಅಲ್ಲಿ ಫ್ಲೆಮಿಂಗೊ ಅಭಯಾರಣ್ಯವನ್ನು ಘೋಷಿಸಿತು. 2022ರಲ್ಲಿ ಆ ಖಾರಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ಗಾತ್ರದಲ್ಲಿ ದೊಡ್ಡದು ಫೀನಿಕಾಪ್ಟೆರಸ್ ರೋಸಿಯಸ್. ಚಿಕ್ಕದು ಕೆಲವು ಪುಸ್ತಕಗಳಲ್ಲಿ ಫೀನಿಕಾಪ್ಟೆರಸ್ ಮೈನರ್, ಈಗಿನ ಪಟ್ಟಿಗಳಲ್ಲಿ ಫೀನಿಕೊನಾಯಸ್ ಮೈನರ್. ಚಿಕ್ಕದರ ಕೊಕ್ಕು ಗಾಢ ಕೆಂಪು, ಒಳಗಿನ ಸೋಸುವ ಎಳೆಗಳು ತೀರ ನವಿರು. ಅದು ನೀರಿನಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ದೊಡ್ಡದರ ಕೊಕ್ಕು ತುದಿಯಲ್ಲಿ ಮಾತ್ರ ಕಪ್ಪು, ಅದು ಹುಳು, ಸಿಗಡಿಯಂಥ ದೊಡ್ಡ ಆಹಾರವನ್ನೂ ಹಿಡಿಯುತ್ತದೆ. ಜಗತ್ತಿನಲ್ಲಿರುವುದು ಒಟ್ಟು ಆರು ಪ್ರಭೇದದ ರಾಜಹಂಸಗಳು, ಆರೂ ಒಂದೇ ಪೂರ್ವಜನ ಸಂತತಿ. ಹಾಗಾಗಿ ಆರನ್ನೂ ಒಂದೇ ಕುಲದಲ್ಲಿಟ್ಟರೂ ಕಟ್ಟಳೆ ಮುರಿಯುವುದಿಲ್ಲ, ಕೊಕ್ಕಿನ ರಚನೆ ನೋಡಿ ಎರಡು ಅಥವಾ ಮೂರು ಕುಲಗಳಾಗಿ ಒಡೆದರೂ ಮುರಿಯುವುದಿಲ್ಲ. ಇಲ್ಲಿ ಯಾವುದು ಸರಿ ಎಂದು ಕೇಳುವುದೇ ಸರಿಯಲ್ಲ. ಹತ್ತಿರದ ನಂಟನ್ನು ಎತ್ತಿ ತೋರಿಸಬೇಕೋ, ಬದುಕಿನ ಕ್ರಮದ ಭೇದವನ್ನೋ ಎಂಬುದಷ್ಟೇ ಪ್ರಶ್ನೆ.

ಪುಣೆಯ ಹತ್ತಿರದ ಇನ್ನೊಂದು ಸಸ್ಯದಲ್ಲಿ ಈ ಎರಡೂ ಪ್ರಶ್ನೆಗಳು ಹೆಣೆದುಕೊಂಡಿವೆ, ಹಾಗಾಗಿ ಅದರ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಜುನ್ನರಿನ ಶಿವನೇರಿ ಕೋಟೆಯ ಸುತ್ತಲಿನಂಥ ಕಪ್ಪುಕಲ್ಲಿನ ಕಡಿದಾದ ಬಂಡೆಗಳ ಸಂದಿಯಲ್ಲಿ ಜೋತುಬಿದ್ದು ಬೆಳೆಯುವ ಶಿಂದಳ ಮಾಕುಡಿ ಮಹಾರಾಷ್ಟ್ರ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರಸತುಂಬಿದ ದಪ್ಪ ಕಾಂಡ, ಮಳೆಗಾಲದಲ್ಲಿ ಹಸಿರು ಎಲೆ, ಬೇಸಗೆಯಲ್ಲಿ ಎಲೆ ಉದುರಿ ಬರಿಯ ಕಾಂಡ. ನಕ್ಷತ್ರದಾಕಾರದ, ಕಡುಗೆಂಪಿನ ಮೇಲೆ ಹಳದಿ ಚುಕ್ಕೆಗಳ ಹೂ. 1860ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಡಾಲ್ಜೆಲ್ ಇದನ್ನು ವರ್ಣಿಸುವಾಗ, ಎಲೆಯನ್ನೇ ತೊರೆದ ತನ್ನ ಬಳಗದ ಗಿಡಗಳ ನಡುವೆ ಚಪ್ಪಟೆ ಎಲೆಯಿರುವ ಈ ಗಿಡ ಅಷ್ಟು ವಿಚಿತ್ರವಾಗಿ ಕಂಡದ್ದರಿಂದ ಇದಕ್ಕಾಗಿ ಹೊಸ ಕುಲವನ್ನೇ ಮಾಡಿದ. ಆಗ ಮುಂಬಯಿ ಪ್ರಾಂತದ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಹೆಸರಿನಲ್ಲಿ ಅದು ಫ್ರೇರಿಯಾ ಆಯಿತು, ಗಿಡ ಫ್ರೇರಿಯಾ ಇಂಡಿಕಾ. ಕುಲದಲ್ಲಿ ಒಂದೇ ಪ್ರಭೇದ. ಒಂದೇ ಪ್ರಭೇದವಿರುವ ಕುಲ ಕಂಡರೆ ವರ್ಗೀಕರಣಕಾರರಿಗೆ ಸದಾ ಅನುಮಾನ: ಇದು ನಿಜವಾಗಿಯೂ ಒಂಟಿಯೇ, ಅಥವಾ ಒಂದು ವಿಚಿತ್ರ ಲಕ್ಷಣಕ್ಕೆ ಮರುಳಾಗಿ ಬಂಧುಗಳಿಂದ ಬೇರ್ಪಡಿಸಿದ್ದೇ?

ಅನುಮಾನ ನಿಜವೇ ಆಯಿತು. 1958ರಲ್ಲಿ ರೌಲಿ ಇದನ್ನು ಕ್ಯಾರಲ್ಲುಮಾ ಕುಲಕ್ಕೆ ಸೇರಿಸಿದ. ಆ ಕುಲದಲ್ಲಿ ಇಂಡಿಕಾ ಎಂಬ ಹೆಸರಿನ ಗಿಡ ಮೊದಲೇ ಇದ್ದುದರಿಂದ ಹಳೆಯ ಪದವನ್ನು ಒಯ್ಯಲಾಗಲಿಲ್ಲ, ಅದು ಕ್ಯಾರಲ್ಲುಮಾ ಫ್ರೇರಿ ಆಯಿತು. ಕುಲವಾಗಿದ್ದ ಗವರ್ನರ್ ಪ್ರಭೇದದ ಜಾಗಕ್ಕೆ ಇಳಿದ. ಆಮೇಲೆ ಭಾರತದ ಈ ಬಳಗವನ್ನು ಪ್ರತ್ಯೇಕಿಸಿ ಬೂಸೆರೋಸಿಯಾ ಎಂದಾಗ ಗಿಡ ಅಲ್ಲಿಗೆ ಹೋಯಿತು. ಇನ್ನೂ ದೊಡ್ಡ ಸಮಸ್ಯೆ ಮುಂದಿತ್ತು. ಡಿಎನ್ಎ ಅಧ್ಯಯನಗಳು, ಎಲೆ ತೊರೆದ ಆ ಇಡೀ ಬಳಗವೇ ಸೆರೊಪೀಜಿಯಾ ಎಂಬ ಕುಲದ ಕವಲುಗಳ ಒಳಗೆ ಕೂತಿದೆ ಎಂದು ತೋರಿಸಿದವು. ಸಹ್ಯಾದ್ರಿಯ ಮಳೆಗಾಲದ ಹುಲ್ಲಿನ ನಡುವೆ ಕಂದೀಲಿನಂಥ ಹೂ ಬಿಡುವ, ಮರಾಠಿಯಲ್ಲಿ ಕಂದೀಲ್ ಪುಷ್ಪ ಎಂದೇ ಕರೆಯುವ ಗಿಡಗಳು ಸೆರೊಪೀಜಿಯಾಗಳು: ಉದ್ದನೆಯ ಕೊಳವೆ, ಮೇಲೆ ಪಂಜರದಂತೆ ಕೂಡಿದ ಎಸಳುಗಳು, ಒಳಗೆ ಇಳಿದ ನೊಣ ಸ್ವಲ್ಪ ಹೊತ್ತು ಸೆರೆ. ಬಂಡೆಯ ಮೇಲಿನ ನಕ್ಷತ್ರಕ್ಕೂ ಹುಲ್ಲಿನ ಕಂದೀಲಿಗೂ ನೋಟದಲ್ಲಿ ಸಂಬಂಧವೇ ಇಲ್ಲ.

ಈಗ ಕಟ್ಟಳೆಯ ಪ್ರಕಾರ ಇದ್ದ ಹಾಗೇ ಬಿಡುವಂತಿಲ್ಲ, ಏಕೆಂದರೆ ಒಂದು ಪೂರ್ವಜನ ಸಂತತಿಯಲ್ಲಿ ಕಂದೀಲುಗಳನ್ನು ಮಾತ್ರ ಆರಿಸಿ ಸೆರೊಪೀಜಿಯಾ ಎನ್ನಲಾಗದು. ಎರಡು ದಾರಿಗಳಿವೆ. ಎಲ್ಲವನ್ನೂ ಸೆರೊಪೀಜಿಯಾಕ್ಕೆ ಸುರಿದು ನೂರಾರು ಪ್ರಭೇದಗಳ ಒಂದೇ ಭಾರೀ ಕುಲ ಮಾಡುವುದು ಒಂದು. 2017ರಲ್ಲಿ ಬ್ರಾಯ್ನ್ಸ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಕಂದೀಲುಗಳನ್ನೇ ಹಲವು ಚಿಕ್ಕ ಕುಲಗಳಾಗಿ ಒಡೆಯುವುದು ಇನ್ನೊಂದು; ಆಗ ಸಹ್ಯಾದ್ರಿಯ ಎಷ್ಟೋ ಪರಿಚಿತ ಗಿಡಗಳಿಗೆ ಹೊಸ ಹೆಸರು ಕೊಡಬೇಕಾಗುತ್ತದೆ. ಬದಲಾವಣೆ ಬೇಕೆಂದದ್ದು ನಿಸರ್ಗ, ಯಾವ ಬದಲಾವಣೆ ಎಂಬುದನ್ನು ನಿರ್ಧರಿಸುವವರು ಮನುಷ್ಯರು. ಮೊದಲ ದಾರಿಯನ್ನು ಹಿಡಿದರೆ ಮಹಾರಾಷ್ಟ್ರ ತನ್ನದೇ ಎನ್ನುವ ಒಂದು ಕುಲವನ್ನು ಕಾಗದದ ಮೇಲೆ ಕಳೆದುಕೊಳ್ಳುತ್ತದೆ, ಬಂಡೆಯ ಮೇಲಿನ ಗಿಡ ಒಂದೂ ಕಡಿಮೆಯಾಗುವುದಿಲ್ಲ. ಇಲ್ಲಿನ ಸಸ್ಯಪ್ರಿಯರಲ್ಲಿ ಹಲವರು ಇಂದಿಗೂ ಫ್ರೇರಿಯಾ ಎಂದೇ ಬರೆಯುತ್ತಾರೆ. ಅದನ್ನು ಹಳಬರ ಹಟ ಎಂದು ತಳ್ಳಿಹಾಕುವುದು ಸುಲಭ; ಆದರೆ ಆ ಹೆಸರಿನ ಹಿಂದೆ ಬಂಡೆ ಹತ್ತಿ ಗಿಡ ಉಳಿಸಿದವರ ಶ್ರಮವಿದೆ, ಮತ್ತು ಒಂದು ಕುಲವೇ ಅಳಿದುಹೋಗಲಿದೆ ಎಂಬ ಮಾತಿಗೆ ಅಧಿಕಾರಿಗಳು ಕಿವಿಗೊಡುವಷ್ಟು ಒಂದು ಪ್ರಭೇದ ಎಂಬ ಮಾತಿಗೆ ಕಿವಿಗೊಡುವುದಿಲ್ಲ.

ಮೂರನೆಯ ಬಗೆ ನಿಯಮಾವಳಿಯದು. ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದವಿರುತ್ತದೆ. ಕುಲ ಒಡೆದಾಗ ಮಾದರಿ ಯಾವ ಪಾಲಿಗೆ ಹೋಗುತ್ತದೋ ಆ ಪಾಲಿಗೇ ಹಳೆಯ ಹೆಸರು ಸಲ್ಲುತ್ತದೆ. ಈ ಸರಳ ನಿಯಮ ದೊಡ್ಡ ಜಗಳಕ್ಕೆ ಕಾರಣವಾದದ್ದು ಅಕೇಶಿಯಾದಲ್ಲಿ. ಆ ಕುಲ ಒಂದೇ ಸಂತತಿಯಲ್ಲ ಎಂಬುದು ಸ್ಪಷ್ಟವಾದಾಗ ಒಡೆಯುವುದು ಅನಿವಾರ್ಯವಾಯಿತು. ಮಾದರಿ ಪ್ರಭೇದ ನಮ್ಮ ಕರಿಜಾಲಿ, ಮರಾಠಿಯ ಬಾಭಳ, ಅಂದರೆ ಅಕೇಶಿಯಾ ನಿಲೋಟಿಕಾ. ನಿಯಮದಂತೆ ಹೆಸರು ಆಫ್ರಿಕಾ ಮತ್ತು ಏಷ್ಯಾದ ಪಾಲಿಗೆ ಉಳಿಯಬೇಕಿತ್ತು. ಆದರೆ ಸುಮಾರು ಸಾವಿರ ಪ್ರಭೇದಗಳಿರುವುದು ಆಸ್ಟ್ರೇಲಿಯಾದಲ್ಲಿ. ಅಷ್ಟಕ್ಕೂ ಹೆಸರು ಬದಲಿಸುವುದಕ್ಕಿಂತ ಮಾದರಿಯನ್ನೇ ಬದಲಿಸೋಣ ಎಂಬ ಪ್ರಸ್ತಾಪ 2003ರಲ್ಲಿ ಬಂತು. 2005ರ ವಿಯೆನ್ನಾ ಸಸ್ಯಶಾಸ್ತ್ರ ಮಹಾಧಿವೇಶನದಲ್ಲಿ ಮತ ಹಾಕಿದವರಲ್ಲಿ ಶೇ. 54.9ರಷ್ಟು ಮಂದಿ ಇದನ್ನು ವಿರೋಧಿಸಿದರು. ಆದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇ. 60 ಮತ ಬೇಕಿದ್ದುದರಿಂದ ಬಹುಮತ ವಿರುದ್ಧವಿದ್ದೂ ಪ್ರಸ್ತಾಪ ಉಳಿಯಿತು. 2011ರ ಮೆಲ್ಬರ್ನ್ ಅಧಿವೇಶನ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಸೊಲ್ಲಾಪುರ, ವಿಜಯಪುರದ ಬಯಲಿನ ಕರಿಜಾಲಿ ಇಂದು ವ್ಯಾಷೆಲಿಯಾ ನಿಲೋಟಿಕಾ. ಎಲೆಯಡಿಕೆಯ ಕಾಚು ಕೊಡುವ ಖೈರ ಸೆನೆಗಾಲಿಯಾ ಕ್ಯಾಟೆಚು. ಕುಲ ಒಡೆಯಬೇಕೆಂದದ್ದು ಜೀವಶಾಸ್ತ್ರ; ಹೆಸರು ಯಾರಿಗೆ ಎಂದು ತೀರ್ಮಾನಿಸಿದ್ದು ಮತದಾನ. ಈ ಎರಡನೆಯದರಲ್ಲಿ ಕರಿಜಾಲಿಯ ಕುರಿತ ಹೊಸ ಜ್ಞಾನ ಏನೂ ಇಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಪ್ರಾಣಿಗಳ ಕಡೆ ತದ್ವಿರುದ್ಧ ಆಯಿತು. ಪ್ರಯೋಗಾಲಯಗಳ ಹಣ್ಣುನೊಣ ಡ್ರೋಸೋಫಿಲಾ ಮೆಲನೋಗ್ಯಾಸ್ಟರ್ ಆ ಕುಲದ ಮಾದರಿಯಲ್ಲ. ಮಾದರಿ ಡ್ರೋಸೋಫಿಲಾ ಫ್ಯುನೆಬ್ರಿಸ್ ಎಂಬ ಇನ್ನೊಂದು ನೊಣ. ಕುಲ ಒಡೆದರೆ ಮೆಲನೋಗ್ಯಾಸ್ಟರ್ ಸೋಫೋಫೋರಾ ಆಗುವ ಸಂಭವವಿದ್ದುದರಿಂದ ಮಾದರಿಯನ್ನು ಬದಲಿಸಿಕೊಡಿ ಎಂದು ಅರ್ಜಿ ಹೋಯಿತು. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಅದನ್ನು ನಿರಾಕರಿಸಿತು. ಪರಿಣಾಮವಾಗಿ ಬಹುತೇಕರು ಆ ಕುಲವನ್ನು ಒಡೆಯುವ ಗೋಜಿಗೇ ಹೋಗಿಲ್ಲ. ಅಂದ ಹಾಗೆ ಸಸ್ಯ ಮತ್ತು ಪ್ರಾಣಿಗಳ ನಿಯಮಾವಳಿಗಳು ಪರಸ್ಪರ ಸ್ವತಂತ್ರ. ಅರಳಿ, ಆಲ, ಅತ್ತಿಗಳ ಕುಲ ಫೈಕಸ್. ಅಂಜೂರದ ಆಕಾರದ ಚಿಪ್ಪಿರುವ ಒಂದು ಸಮುದ್ರ ಬಸವನಹುಳದ ಕುಲವೂ ಫೈಕಸ್. ಎರಡೂ ಸಿಂಧುವೇ.

ಹೆಸರನ್ನು ದಿನನಿತ್ಯ ಬಳಸುವವರ ಮಾತನ್ನು ವರ್ಗೀಕರಣಕಾರರು ಕೇಳಬೇಕೆ? ಡೆಂಗಿ ಹರಡುವ ಸೊಳ್ಳೆಯ ಪ್ರಕರಣದಲ್ಲಿ ಕೇಳಲೇಬೇಕಾಯಿತು. 2004ರಲ್ಲಿ ಸೊಳ್ಳೆತಜ್ಞರು ಏಡಿಸ್ ಕುಲವನ್ನು ಒಡೆದು ಏಡಿಸ್ ಈಜಿಪ್ಟಿಯನ್ನು ಸ್ಟೆಗೊಮಿಯಾ ಈಜಿಪ್ಟಿ ಎಂದಾಗ ವೈದ್ಯಕೀಯ ಕೀಟಶಾಸ್ತ್ರದ ಪತ್ರಿಕೆಗಳ ಸಂಪಾದಕರು ಒಪ್ಪಲಿಲ್ಲ. ಸುಮಾರು ಒಂದು ದಶಕ ಎರಡೂ ಹೆಸರುಗಳು ಅಕ್ಕಪಕ್ಕ ನಡೆದವು. 2015ರಲ್ಲಿ ವಿಲ್ಕರ್ಸನ್ ಮತ್ತು ಸಂಗಡಿಗರು, ಬಳಕೆಗೆ ಅನುಕೂಲವಾಗುವುದೂ ವರ್ಗೀಕರಣದ ಕೆಲಸವೇ ಎಂದು ವಾದಿಸಿ ಏಡಿಸ್‌ಗೆ ಮರಳುವ ವ್ಯವಸ್ಥೆ ಮಂಡಿಸಿದರು. ಮಳೆಗಾಲದಲ್ಲಿ ಮನೆಮನೆಗೆ ಬಂದು ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ಟ್ರೇ ನೋಡುವ ಪಾಲಿಕೆಯ ಸಿಬ್ಬಂದಿಗೆ ಈ ಜಗಳದ ಅರಿವಾಗದೆ ಇದ್ದದ್ದು ಅವರ ಅದೃಷ್ಟ.

ಸೂಕ್ಷ್ಮಜೀವಿಗಳ ಕ್ಷೇತ್ರದವರು ಈ ವಿಷಯದಲ್ಲಿ ಹೆಚ್ಚು ಜಾಣರು. ಮೊಸರು, ಹುದುಗುಗಳಿಗೆ ಸಂಬಂಧಿಸಿದ ಲ್ಯಾಕ್ಟೋಬ್ಯಾಸಿಲಸ್ ಕುಲದಲ್ಲಿ 261 ಪ್ರಭೇದಗಳು ಸೇರಿಕೊಂಡಿದ್ದವು, ಮತ್ತು ಅವುಗಳ ನಡುವಿನ ಅಂತರ ಒಂದು ಕುಲದಲ್ಲಿ ಸಹಿಸುವಂಥದ್ದಾಗಿರಲಿಲ್ಲ. 2020ರಲ್ಲಿ ಅದನ್ನು 25 ಕುಲಗಳಾಗಿ ವಿಂಗಡಿಸಲಾಯಿತು, ಅವುಗಳಲ್ಲಿ 23 ಹೊಚ್ಚಹೊಸವು. ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್ ಕೇಸಿಯೈ, ಪ್ಲ್ಯಾಂಟಾರಮ್ ಈಗ ಲ್ಯಾಕ್ಟಿಪ್ಲ್ಯಾಂಟಿಬ್ಯಾಸಿಲಸ್ ಪ್ಲ್ಯಾಂಟಾರಮ್. ಉಚ್ಚರಿಸಲು ನಾಲಿಗೆ ಹೊರಳದು. ಆದರೆ ಹೆಚ್ಚು ಬಳಕೆಯಲ್ಲಿರುವ ಪ್ರಭೇದಗಳು ಸೇರಿದ ಹೊಸ ಕುಲಗಳ ಹೆಸರುಗಳು 'ಎಲ್' ಅಕ್ಷರದಿಂದಲೇ ಆರಂಭವಾಗುವಂತೆ ನೋಡಿಕೊಂಡಿದ್ದಾರೆ. ವೈದ್ಯರ ಚೀಟಿಯಲ್ಲೂ ಪ್ರೋಬಯೋಟಿಕ್ ಡಬ್ಬಿಯಲ್ಲೂ ಬರೆಯುವ 'ಎಲ್. ಕೇಸಿಯೈ' ಎಂಬ ಚಿಕ್ಕ ರೂಪ ತಪ್ಪಾಗಲಿಲ್ಲ. ಆಸ್ಪತ್ರೆಗಳಲ್ಲಿ 'ಸಿ. ಡಿಫ್' ಎಂದು ಕರೆಯುವ ರೋಗಾಣುವನ್ನು 2016ರಲ್ಲಿ ಕ್ಲಾಸ್ಟ್ರಿಡಿಯಂನಿಂದ ತೆಗೆದಾಗಲೂ ಹೀಗೆಯೇ, ಆದ್ಯಕ್ಷರ ಉಳಿಯುವಂತೆ ಕ್ಲಾಸ್ಟ್ರಿಡಿಯಾಯ್ಡಿಸ್ ಎಂಬ ಕುಲವನ್ನು ಮಾಡಿದರು. ಜ್ಞಾನಕ್ಕೂ ಬಳಕೆಗೂ ಒಪ್ಪಂದ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹಿತವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕುಲವನ್ನು ಎಣಿಕೆಯ ಏಕಮಾನವಾಗಿ ಬಳಸುವಾಗ ಮಾತ್ರ ಎಚ್ಚರ ಬೇಕು. ಪಳೆಯುಳಿಕೆಗಳಲ್ಲಿ ಪ್ರಭೇದವನ್ನು ಖಚಿತವಾಗಿ ಗುರುತಿಸುವುದು ಕಷ್ಟವಾದ್ದರಿಂದ ಪ್ರಾಚೀನ ಅಳಿವುಗಳ ಲೆಕ್ಕವನ್ನು ಕುಲಗಳಲ್ಲೇ ಹಾಕುವ ಪದ್ಧತಿಯಿದೆ. 2023ರಲ್ಲಿ ಸೆಬಾಲೊಸ್ ಮತ್ತು ಎರ್ಲಿಕ್ ಅದೇ ಅಳತೆಯನ್ನು ನಮ್ಮ ಕಾಲಕ್ಕೆ ಹಚ್ಚಿ, 1500ರಿಂದೀಚೆಗೆ, ಮೀನುಗಳನ್ನು ಬಿಟ್ಟು, ಕಶೇರುಕ ಪ್ರಾಣಿಗಳ 73 ಕುಲಗಳು ನಾಶವಾಗಿವೆ ಎಂದು ತೋರಿಸಿದರು. ನಷ್ಟ ನಿಜವಾದದ್ದು, ಅದರ ಬಗ್ಗೆ ಸಂಶಯವಿಲ್ಲ. ಆದರೆ ಒಂದು ಕುಲವನ್ನು ಎರಡಾಗಿ ಒಡೆದರೆ ಸಂಖ್ಯೆ ಏರುತ್ತದೆ, ಎರಡನ್ನು ಸೇರಿಸಿದರೆ ಇಳಿಯುತ್ತದೆ. ಮೇಲಾಗಿ ಒಂದು ಬಳಗದ ಕುಲಕ್ಕೂ ಇನ್ನೊಂದರ ಕುಲಕ್ಕೂ ವಯಸ್ಸಿನಲ್ಲಿ ಸಾಮ್ಯವಿಲ್ಲ. ಡ್ರೋಸೋಫಿಲಾ ಎಂಬ ಒಂದೇ ಕುಲದೊಳಗಿನ ನೊಣಗಳು ಕೋಟ್ಯಂತರ ವರ್ಷಗಳ ಹಿಂದೆ ಬೇರ್ಪಟ್ಟವು. ಚಿಂಪಾಂಜಿಯ ವಂಶ ನಮ್ಮಿಂದ ಬೇರೆಯಾದದ್ದು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ, ಆದರೂ ನಾವು ಹೋಮೋ, ಅದು ಪ್ಯಾನ್. 2003ರಲ್ಲಿ ಅಮೆರಿಕದ ಸಂಶೋಧಕರ ಒಂದು ತಂಡ ಚಿಂಪಾಂಜಿಯನ್ನೂ ಹೋಮೋ ಕುಲಕ್ಕೆ ಸೇರಿಸಬೇಕೆಂದು ವಾದಿಸಿತು. ಕಟ್ಟಳೆ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಆದರೂ ಒಪ್ಪಿದವರು ಕಡಿಮೆ.

ಹಾಗಾದರೆ ಫಲಕ ಬರೆಯುವವರು, ಪಠ್ಯ ಸಿದ್ಧಪಡಿಸುವವರು, ನಿಯಮ ರೂಪಿಸುವವರು ಏನು ಮಾಡಬೇಕು? ಹೊಸ ಹೆಸರಿನ ಜೊತೆಗೆ ಹಳೆಯದನ್ನೂ ಆವರಣದಲ್ಲಿ ಕೊಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಮಹಾರಾಷ್ಟ್ರದ 1975ರ ನಗರ ಮರಗಳ ಕಾಯ್ದೆಯಡಿ ನಡೆಯುವ ಗಣತಿಗಳಂಥ ಕೆಲಸದಲ್ಲಿ ಇದು ಅಲಂಕಾರವಲ್ಲ, ಅಗತ್ಯ. ಒಂದು ಗಣತಿಯಲ್ಲಿ ಯೂಜೀನಿಯಾ, ಮುಂದಿನದರಲ್ಲಿ ಸಿಜಿಜಿಯಂ ಎಂದು ಬರೆದರೆ ಹೋಲಿಸುವವರಿಗೆ ಒಂದು ಮರ ಅಳಿದು ಇನ್ನೊಂದು ಹುಟ್ಟಿದಂತೆ ಕಾಣುತ್ತದೆ. ರಕ್ಷಣೆಯ ಪಟ್ಟಿಗಳಲ್ಲಿ ಇಡೀ ಕುಲವನ್ನು ಒಂದೇ ಪದದಲ್ಲಿ ಹೇಳುವ ಬದಲು, ಯಾವ ವರ್ಷದ ಯಾವ ಪಟ್ಟಿಯ ಪ್ರಕಾರದ ಕುಲ ಎಂದು ನಮೂದಿಸಬೇಕು. ಇಲ್ಲಿನ ಸಂಗ್ರಹಗಳಲ್ಲಿ, ಅಂದರೆ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲ್ಯಾಟರ್ ಹರ್ಬೇರಿಯಂ, 1883ರಲ್ಲಿ ಆರಂಭವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಪುಣೆಯ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕಚೇರಿ, ಇಂಥಲ್ಲಿ ಇಟ್ಟಿರುವ ಗಿಡ, ಪ್ರಾಣಿಗಳ ನಮೂನೆಗಳ ಬೆಲೆ ಗೊತ್ತಾಗುವುದು ಹೆಸರು ಬದಲಾದಾಗಲೇ. ಹಾಳೆಯ ಮೇಲಿನ ಒಣಗಿದ ಗಿಡವೂ ಸ್ಪಿರಿಟ್ಟಿನಲ್ಲಿರುವ ಹಾವೂ ಹಾಗೇ ಇರುತ್ತವೆ. ಚೀಟಿಯ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸುತ್ತಾರೆ, ಹಳೆಯದನ್ನು ಕೀಳುವುದಿಲ್ಲ.

ಕಾಳಿಂಗ ಸರ್ಪದ ವಿಷಯದಲ್ಲಿ ಈ ಕೆಲಸ ಈಗ ನಡೆಯುತ್ತಿದೆ. ಕ್ಯಾಂಟರ್ 1836ರಲ್ಲಿ ಅದನ್ನು ವರ್ಣಿಸಿ ಹಮಡ್ರಯಸ್ ಎಂದು ಕರೆದಿದ್ದ. ಆ ಹೆಸರನ್ನು ಒಂದು ಚಿಟ್ಟೆಯ ಕುಲಕ್ಕೆ ಮೊದಲೇ ಕೊಟ್ಟಾಗಿದ್ದರಿಂದ ಅದು ನಿಲ್ಲಲಿಲ್ಲ, 1864ರಲ್ಲಿ ಗುಂಥರ್ ಕೊಟ್ಟ ಓಫಿಯೋಫೇಗಸ್ ಉಳಿಯಿತು. ನಾಗರಹಾವಿನ ನಾಜಾ ಕುಲಕ್ಕೆ ಸೇರಿಸುವ ಯತ್ನಗಳೂ ನಡೆದವು, ಗೆಲ್ಲಲಿಲ್ಲ. ಬಹುಕಾಲ ಆ ಕುಲದಲ್ಲಿ ಹನ್ನಾ ಎಂಬ ಒಂದೇ ಪ್ರಭೇದವಿತ್ತು. 2024ರಲ್ಲಿ ಗೌರಿಶಂಕರ್ ಮತ್ತು ಸಹಸಂಶೋಧಕರು ಅದರಲ್ಲಿ ನಾಲ್ಕು ಪ್ರಭೇದಗಳಿವೆ ಎಂದು ತೋರಿಸಿದರು. ಪಶ್ಚಿಮ ಘಟ್ಟಗಳದ್ದಕ್ಕೆ ಕನ್ನಡದ ಹೆಸರನ್ನೇ ಎತ್ತಿಕೊಂಡು ಓಫಿಯೋಫೇಗಸ್ ಕಾಳಿಂಗ ಎಂದು ಕರೆದರು. ಇಲ್ಲಿ ಕುಲದ ಗೆರೆ ಒಂದಿಷ್ಟೂ ಸರಿಯಲಿಲ್ಲ, ಬದಲಾದದ್ದು ಎರಡನೆಯ ಪದ. ಗೋವೆಯ ಮ್ಹಾದೇಯಿ ಕಾಡಿನಲ್ಲೋ ಆಗುಂಬೆಯಲ್ಲೋ ಹಿಂದೆ ದಾಖಲಾದ ಪ್ರತಿ ಹನ್ನಾವನ್ನೂ ಈಗ ಕಾಳಿಂಗ ಎಂದು ಓದಬೇಕು, ಮತ್ತು ಹಾವು ಸಿಕ್ಕ ಊರಿನ ಹೆಸರಿಲ್ಲದ ಹಳೆಯ ದಾಖಲೆಯನ್ನು ಓಫಿಯೋಫೇಗಸ್ ಎಂಬಲ್ಲಿಗೇ ನಿಲ್ಲಿಸಬೇಕು.